ರೆಕಾರ್ಡರ್ ಮೇಳದಲ್ಲಿ ಶ್ರುತಿಶುದ್ಧಿ

ಕಳೆದ ವರ್ಷ ಇಬ್ಬರು ವಿದ್ಯಾರ್ಥಿಗಳು ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಒಂದು ತಕರಾರನ್ನು ಹೊತ್ತು ಬಂದರು. ಪಾಶ್ಚಾತ್ಯ ಸಂಗೀತವನ್ನು ಕಲಿಯತೊಡಗಿದ್ದ ಅವರ ಬಳಿ, ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಪ್ಲಾಸ್ಟಿಕ್ ರೆಕಾರ್ಡರುಗಳಿದ್ದುವು. ಒಬ್ಬೊಬ್ಬರೇ ಊದಿದಾಗ ಎರಡೂ ಇಂಪಾಗಿಯೇ ನುಡಿಯುತ್ತಿದ್ದುವು. ಒಟ್ಟಿಗೆ ಊದಿದೊಡನೆ ಮಾತ್ರ ಕಿವಿಯೊಳಗೆ ದುಂಬಿ ಹೊಕ್ಕಂತೆ ಗುಂಯ್ ಗುಂಯ್ ಎಂಬ ಕರ್ಕಶ ನಾದ. "ಇವನ ವಾದ್ಯದಲ್ಲಿ ದೋಷವಿದೆ, ಸಾರ್" ಎಂದು ಒಬ್ಬ. "ಇಲ್ಲ ಸಾರ್, ದೋಷ ಅವನದರಲ್ಲಿ" ಎಂದು ಇನ್ನೊಬ್ಬ. ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ಊದಿರೆಂದು ಹೇಳಿದೆ. ಗುಂಯ್‌ಗುಟ್ಟುವಿಕೆ ಹೋಗಲಿಲ್ಲ. ಆದರೆ ಮೊದಲು ಯಾರ ಸ್ವರ ಏರಿದ್ದಿತೋ, ಬೇರೆ ವಾದ್ಯವನ್ನು ಹಿಡಿದಾಗಲೂ ಅವನ ಸ್ವರವೇ ಏರಿದ್ದಿತು. ದೋಷವು ವಾದ್ಯದಲ್ಲಿರಲಿಲ್ಲ, ಊದುವವನ ಉಸಿರಿನಲ್ಲಿದ್ದಿತು.

ಈ ತಕರಾರು ಹೊಸದಲ್ಲ. ನಾಲ್ಕು ನೂರು ವರ್ಷಗಳಿಗೂ ಹಿಂದೆ ಯೂರೋಪಿನ ಅರಮನೆಗಳಲ್ಲಿ ಈ ವಾದ್ಯವನ್ನು ಗುಂಪುಗೂಡಿ ಊದುತ್ತಿದ್ದವರನ್ನು ಕಾಡಿದ ಪ್ರಶ್ನೆಯೇ ಇಂದೂ ಕಲಿಯುವವರನ್ನು ಕಾಡುತ್ತದೆ: ಹಲವರು ಊದುವ ಹಲವು ಕೊಳವೆಗಳು ಒಂದೇ ಶ್ರುತಿಗೆ ಸೇರುವುದು ಹೇಗೆ? ಇದಕ್ಕೆ ಉತ್ತರ ಅರ್ಧ ಸಂಗೀತದಲ್ಲಿದೆ, ಅರ್ಧ ಭೌತಶಾಸ್ತ್ರದಲ್ಲಿದೆ.

ವಾದ್ಯದ ಪರಿಚಯ

ರೆಕಾರ್ಡರ್ ಎಂದೊಡನೆ ಧ್ವನಿಮುದ್ರಣ ಯಂತ್ರವು ನೆನಪಿಗೆ ಬರಬಹುದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಉದ್ದಕ್ಕೆ ಹಿಡಿದು ಊದುವ ಒಂದು ಕೊಳಲು. ಇಟಲಿಯವರು ಇದನ್ನು 'ಇಂಪಾದ ಕೊಳಲು' ಎಂಬರ್ಥದಲ್ಲಿ ಫ್ಲೌಟೊ ದೋಲ್ಚೆ ಎನ್ನುತ್ತಾರೆ. ಜರ್ಮನರು ಇದರ ಬಾಯಲ್ಲಿರುವ ಮರದ ಬಿರಡೆಯನ್ನು ಕಂಡು ಬ್ಲಾಕ್‌ಫ್ಲ್ಯೋಟೆ ಎಂದು ಕರೆದರು. ಮುಂಭಾಗದಲ್ಲಿ ಏಳು ರಂಧ್ರಗಳು, ಹಿಂಭಾಗದಲ್ಲಿ ಹೆಬ್ಬೆರಳಿಗೆ ಒಂದು ರಂಧ್ರ.

ನಮ್ಮ ಕೊಳಲನ್ನು ಊದುವವನು ತುಟಿಗಳಿಂದಲೇ ಉಸಿರನ್ನು ತೆಳ್ಳಗೆ ಮಾಡಿ ರಂಧ್ರದ ಅಂಚಿಗೆ ಗುರಿಯಿಡಬೇಕು. ಇದನ್ನು ಸಾಧಿಸಲು ಹೊಸಬನಿಗೆ ಹಲವು ದಿನಗಳು ಹಿಡಿಯುವುವು. ರೆಕಾರ್ಡರಿನಲ್ಲಿ ಈ ಕೆಲಸವನ್ನು ವಾದ್ಯವೇ ಮಾಡಿಕೊಡುತ್ತದೆ. ಬಿರಡೆಗೂ ಕೊಳವೆಯ ಗೋಡೆಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಎತ್ತರದ ಸೀಳುದಾರಿಯೊಂದಿದೆ. ಉಸಿರು ಅದರ ಮೂಲಕ ಹಾಳೆಯಂತೆ ಹೊರಬಿದ್ದು, ಎದುರಿಗಿರುವ ಕಿಟಕಿಯ ಚೂಪಾದ ಅಂಚಿಗೆ ಬಡಿಯುತ್ತದೆ. ಜಾತ್ರೆಯಲ್ಲಿ ಕೊಳ್ಳುವ ಪೀಪಿಯೂ ಇದೇ ತತ್ತ್ವದಿಂದ ನುಡಿಯುವುದು. ಆದುದರಿಂದ ಮಗುವೂ ಮೊದಲ ದಿನವೇ ರೆಕಾರ್ಡರಿನಿಂದ ಸ್ವರವನ್ನು ಹೊರಡಿಸಬಲ್ಲುದು. ಆದರೆ ಸ್ವರ ಹೊರಡುವುದು ಬೇರೆ, ಶ್ರುತಿಶುದ್ಧವಾದ ಸ್ವರ ಹೊರಡುವುದು ಬೇರೆ.

ಅರಮನೆಯಿಂದ ಶಾಲೆಯವರೆಗೆ

ಈ ವಾದ್ಯವನ್ನು ಕುರಿತ ಮುದ್ರಿತ ಪಾಠಗಳು ೧೬ನೆಯ ಶತಮಾನದ ಆರಂಭದಲ್ಲಿಯೇ ದೊರೆಯುತ್ತವೆ. ಸೆಬಾಸ್ಟಿಯಾನ್ ವಿರ್ಡುಂಗ್ ಎಂಬವನು ೧೫೧೧ರಲ್ಲಿ ಬಾಸೆಲ್ ನಗರದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆರಳಿಡುವ ಕ್ರಮವನ್ನು ವಿವರಿಸಿದನು. ವೆನಿಸ್ಸಿನ ಸಿಲ್ವೆಸ್ತ್ರೊ ಗನಸ್ಸಿಯು ೧೫೩೫ರಲ್ಲಿ ಈ ವಾದ್ಯಕ್ಕಾಗಿಯೇ ಒಂದು ಗ್ರಂಥವನ್ನು ಬರೆದು, ಮನುಷ್ಯಕಂಠವನ್ನು ಅನುಕರಿಸುವುದೇ ವಾದಕನ ಗುರಿಯೆಂದು ಬೋಧಿಸಿದನು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು ೧೫೪೭ರಲ್ಲಿ ತೀರಿಕೊಂಡ ಮೇಲೆ ಅವನ ಆಸ್ತಿಯ ಪಟ್ಟಿಯನ್ನು ಮಾಡಿದಾಗ, ಅದರಲ್ಲಿ ೭೬ ರೆಕಾರ್ಡರುಗಳಿದ್ದುವು. ಒಬ್ಬನೇ ಊದಲು ಇಷ್ಟೊಂದು ಕೊಳಲುಗಳೇಕೆ? ಇವು ಮೇಳಕ್ಕೆಂದು ಜೊತೆಜೊತೆಯಾಗಿ ಮಾಡಿಸಿದವು. ಚಿಕ್ಕದು, ನಡುವಣದು, ದೊಡ್ಡದು ಎಂದು ಒಂದೇ ಕುಟುಂಬದ ವಾದ್ಯಗಳು ಕೂಡಿ ನುಡಿಯುವ ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಕನ್ಸರ್ಟ್ ಎಂಬುದಕ್ಕೆ ಹತ್ತಿರವಾದ 'ಕನ್ಸಾರ್ಟ್' ಎಂಬ ಹೆಸರಿದೆ. ನಾವು ಇದನ್ನು ಮೇಳವೆನ್ನೋಣ.

೧೮ನೆಯ ಶತಮಾನದ ನಡುವಿನ ಹೊತ್ತಿಗೆ ರೆಕಾರ್ಡರ್ ಹಿಂದೆ ಬಿದ್ದಿತು. ೧೭೨೧ರಲ್ಲಿ ಸಮರ್ಪಿತವಾದ ಬಾಖನ ಬ್ರಾಂಡೆನ್‌ಬುರ್ಗ್ ಕೃತಿಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅದರ ನಾದ ಬೇಕಾಗಿದ್ದಿತು. ಆದರೆ ಮುಂದೆ ದೊಡ್ಡ ಸಭಾಂಗಣಗಳೂ ದೊಡ್ಡ ವಾದ್ಯವೃಂದಗಳೂ ಬಂದಂತೆ, ಮೆಲ್ಲಗೂ ಜೋರಾಗಿಯೂ ನುಡಿಯಬಲ್ಲ ಅಡ್ಡಕೊಳಲು ಅದರ ಸ್ಥಾನವನ್ನು ಆಕ್ರಮಿಸಿತು. ರೆಕಾರ್ಡರಿಗೆ ಅದು ಸಾಧ್ಯವಾಗದೆ ಹೋದುದೇಕೆಂಬುದನ್ನು ಮುಂದೆ ನೋಡೋಣ.

೧೯ನೆಯ ಶತಮಾನದುದ್ದಕ್ಕೂ ಬಹುಮಟ್ಟಿಗೆ ಮೂಲೆಗುಂಪಾಗಿದ್ದ ಈ ವಾದ್ಯವನ್ನು ಮತ್ತೆ ಜನರ ಕೈಗೆ ಕೊಟ್ಟವರಲ್ಲಿ ಪ್ರಮುಖನು, ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಆರ್ನಾಲ್ಡ್ ಡಾಲ್ಮೆಚ್. ೧೯೧೯ರಲ್ಲಿ ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದಲ್ಲಿ ಅವನ ಹಳೆಯ ರೆಕಾರ್ಡರ್ ಇದ್ದ ಚೀಲ ಕಳೆದುಹೋಯಿತು. ಅಂಥದನ್ನು ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಆದುದರಿಂದ ತಾನು ಮೊದಲು ತೆಗೆದಿಟ್ಟುಕೊಂಡಿದ್ದ ಅಳತೆಗಳಿಂದ ಅವನು ಹೊಸದನ್ನು ಕಡೆಯತೊಡಗಿದನು. ೧೯೨೫ರಲ್ಲಿ ಹೇಸಲ್‌ಮಿಯರ್ ಎಂಬ ಊರಿನಲ್ಲಿ ಅವನು ಆರಂಭಿಸಿದ ಪ್ರಾಚೀನ ಸಂಗೀತೋತ್ಸವದಲ್ಲಿ ಮುಂದೆ ರೆಕಾರ್ಡರ್ ಮೇಳಗಳು ಮತ್ತೆ ಕೇಳಿಬಂದುವು. ೧೯೩೭ರಲ್ಲಿ ಇಂಗ್ಲೆಂಡಿನ ರೆಕಾರ್ಡರ್ ವಾದಕರು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ಆ ಬಳಿಕ ಪ್ಲಾಸ್ಟಿಕ್ ವಾದ್ಯಗಳು ಬಂದು ವಾದ್ಯವು ಅಗ್ಗವಾಯಿತು, ಶಾಲೆಗಳನ್ನು ಹೊಕ್ಕಿತು. ಅದರೊಂದಿಗೆ ಅದಕ್ಕೆ ಅಪಕೀರ್ತಿಯೂ ಬಂದಿತು. ಮೂವತ್ತು ಮಕ್ಕಳು ಒಂದೇ ಸ್ವರವನ್ನು ಮೂವತ್ತು ಬಗೆಯಾಗಿ ಊದುವುದನ್ನು ಕೇಳಿದವರು ಇದನ್ನು ಆಟಿಕೆಯೆಂದು ತಳ್ಳಿಹಾಕಿದರೆ ಆಶ್ಚರ್ಯವಿಲ್ಲ. ಎರಡು ರೆಕಾರ್ಡರುಗಳನ್ನು ಶ್ರುತಿಗೂಡಿಸಬೇಕಾದರೆ ಒಂದನ್ನು ಇಲ್ಲದಂತೆ ಮಾಡಬೇಕು ಎಂದು ವಾದಕರಲ್ಲಿಯೇ ಒಂದು ಪರಿಹಾಸ್ಯದ ಮಾತುಂಟು. ಆ ಪರಿಹಾಸ್ಯದ ಹಿಂದಿರುವ ವಿಜ್ಞಾನವೇನು?

ಸ್ವರವನ್ನು ನಿರ್ಧರಿಸುವುದು ಯಾವುದು?

ರೆಕಾರ್ಡರಿನಲ್ಲಿ ಕಂಪಿಸುವುದು ಮರವಲ್ಲ, ಕೊಳವೆಯೊಳಗಿನ ಗಾಳಿಯ ಸ್ತಂಭ. ಈ ಸ್ತಂಭವು ಎರಡು ಕಡೆಯೂ ತೆರೆದಿರುವುದರಿಂದ ಅದರ ಅತ್ಯಂತ ಕೆಳಗಿನ ಸ್ವರದ ಅಲೆಯುದ್ದವು ಸ್ತಂಭದ ಉದ್ದದ ಎರಡರಷ್ಟಿರುತ್ತದೆ. ಶಬ್ದದ ವೇಗವನ್ನು ಈ ಅಲೆಯುದ್ದದಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದು, ಎಂದರೆ ಆವೃತ್ತಿಯು, ದೊರೆಯುವುದು. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ೩೪೩ ಮೀಟರ್. ಮೇಳದಲ್ಲಿ ಸಾಮಾನ್ಯವಾಗಿರುವ ನಾಲ್ಕು ವಾದ್ಯಗಳು ಸೊಪ್ರಾನೊ, ಆಲ್ಟೊ, ಟೆನರ್ ಮತ್ತು ಬೇಸ್. ಇವುಗಳ ಅತಿ ಕೆಳಗಿನ ಸ್ವರಗಳ ಆವೃತ್ತಿ ಕ್ರಮವಾಗಿ ಸುಮಾರು ೫೨೩, ೩೪೯, ೨೬೨ ಮತ್ತು ೧೭೫. ಲೆಕ್ಕಹಾಕಿದರೆ ಗಾಳಿಸ್ತಂಭಗಳ ಉದ್ದವು ೩೩, ೪೯, ೬೫ ಮತ್ತು ೯೮ ಸೆಂಟಿಮೀಟರ್ ಎಂದಾಗುವುದು. ಅಳೆದು ನೋಡಿದರೆ ಕಿಟಕಿಯಿಂದ ತುದಿಯವರೆಗಿನ ಕೊಳವೆಯು ಇದಕ್ಕಿಂತ ತುಸು ಗಿಡ್ಡವಾಗಿಯೇ ಇರುವುದು. ಕಂಪಿಸುವ ಗಾಳಿಯು ಕೊಳವೆಯ ಬಾಯಿಂದ ಸ್ವಲ್ಪ ಹೊರಕ್ಕೂ ಚಾಚಿಕೊಂಡಿರುವುದೇ ಇದಕ್ಕೆ ಕಾರಣ.

ಉದ್ದವೇ ಸ್ವರವನ್ನು ನಿರ್ಧರಿಸುವುದಾದರೆ ಒಂದೇ ಅಚ್ಚಿನ ಎರಡು ಕೊಳವೆಗಳು ಬೇರೆ ಬೇರೆಯಾಗಿ ನುಡಿಯುವುದೇಕೆ? ಇದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಉಷ್ಣತೆ. ಗಾಳಿಯು ಬೆಚ್ಚಗಾದಂತೆ ಅದರಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ೦.೬ ಮೀಟರಿನಷ್ಟು ಹೆಚ್ಚುತ್ತದೆ. ೩೦ ಡಿಗ್ರಿಯಲ್ಲಿ ಅದು ೩೪೯ ಮೀಟರ್. ಹೀಗಾಗಿ ೨೦ ಡಿಗ್ರಿಯಲ್ಲಿ ೪೪೦ ಕಂಪನಗಳ ಸ್ವರವನ್ನು ಕೊಡುವ ಕೊಳವೆಯು ೩೦ ಡಿಗ್ರಿಯಲ್ಲಿ ಸುಮಾರು ೪೪೮ ಕಂಪನಗಳ ಸ್ವರವನ್ನು ಕೊಡುವುದು. ಇದು ಅರ್ಧಸ್ವರದ ಮೂರನೆಯ ಒಂದು ಪಾಲಿನಷ್ಟು ಏರಿಕೆ. ಒಬ್ಬನ ವಾದ್ಯವು ಅಂಗೈಯಲ್ಲಿ ಬೆಚ್ಚಗಾಗಿ, ಇನ್ನೊಬ್ಬನದು ಈಗತಾನೆ ಚೀಲದಿಂದ ಹೊರಬಂದಿದ್ದರೆ ಅವು ಕೂಡುವುದೆಂತು? ಮೇಳದವರು ಊದುವ ಮೊದಲು ವಾದ್ಯದ ತಲೆಭಾಗವನ್ನು ಅಂಗಿಯೊಳಗೆ ಇಟ್ಟುಕೊಂಡು ಬಿಸಿಮಾಡುವುದು ಈ ಕಾರಣದಿಂದಲೇ. ಅದರಿಂದ ಸೀಳುದಾರಿಯಲ್ಲಿ ಉಸಿರಿನ ತೇವ ಹನಿಗಟ್ಟುವುದೂ ತಪ್ಪುವುದು.

ಎರಡನೆಯದು ಉಸಿರಿನ ಬಲ. ಉಸಿರಿನ ಹಾಳೆಯು ಚೂಪಾದ ಅಂಚಿನ ಮೇಲಕ್ಕೂ ಕೆಳಕ್ಕೂ ಓಲಾಡುತ್ತ, ಒಂದು ಸಲ ಕೊಳವೆಯೊಳಕ್ಕೂ ಒಂದು ಸಲ ಹೊರಕ್ಕೂ ಹರಿಯುತ್ತದೆ. ಹೀಗೆ ಅದು ಗಾಳಿಸ್ತಂಭವನ್ನು ಉಯ್ಯಾಲೆಯನ್ನು ತೂಗುವಂತೆ ತೂಗುತ್ತದೆ. ಓಲಾಟವನ್ನು ಹುಟ್ಟಿಸುವುದು ಸ್ತಂಭದ ಕಂಪನವೇ. ಆದರೆ ಆ ಅಲುಗಾಟವು ಸೀಳಿನ ಬಾಯಿಂದ ಅಂಚಿನವರೆಗೆ ಸಾಗಲು ಕೊಂಚ ಕಾಲ ಬೇಕು. ಜೋರಾಗಿ ಊದಿದರೆ ಅದು ಬೇಗನೆ ಸಾಗುತ್ತದೆ, ತೂಗುವ ಕೈ ತುಸು ಮೊದಲೇ ಬಂದು ತಾಕುತ್ತದೆ. ಇದರಿಂದ ಕಂಪನವು ಅವಸರಗೊಂಡು ಸ್ವರವು ಏರುತ್ತದೆ. ಮೆಲ್ಲಗೆ ಊದಿದರೆ ಸ್ವರವು ಇಳಿಯುತ್ತದೆ. ಅಡ್ಡಕೊಳಲಿನವನು ತುಟಿಯನ್ನು ಸರಿಸಿ ಇದನ್ನು ಸರಿಪಡಿಸಿಕೊಳ್ಳಬಲ್ಲನು. ರೆಕಾರ್ಡರಿನಲ್ಲಿ ಸೀಳೂ ಅಂಚೂ ಸ್ಥಿರವಾಗಿರುವುದರಿಂದ ಈ ಸೌಲಭ್ಯವಿಲ್ಲ. ಜೋರು ಹೆಚ್ಚಿದರೆ ಶ್ರುತಿ ಕೆಡುವುದು. ದೊಡ್ಡ ಸಭಾಂಗಣಗಳಲ್ಲಿ ಈ ವಾದ್ಯವು ಸೋತುದಕ್ಕೆ ಇದೇ ಮುಖ್ಯ ಕಾರಣ. ಮೊದಲ ದಿನವೇ ಸ್ವರವನ್ನು ಸುಲಭವಾಗಿ ಕೊಟ್ಟ ರಚನೆಯೇ ಮುಂದೆ ಅದರ ಕಟ್ಟಾಗಿ ನಿಂತಿತು.

ವಿಸ್ಪಂದಗಳೆಂಬ ಗುರು

ಈಗ ನಮ್ಮ ವಿದ್ಯಾರ್ಥಿಗಳ ಗುಂಯ್‌ಗುಟ್ಟುವಿಕೆಗೆ ಬರೋಣ. ಒಬ್ಬನು ೪೪೦ ಕಂಪನಗಳ ಸ್ವರವನ್ನೂ ಇನ್ನೊಬ್ಬನು ೪೪೪ ಕಂಪನಗಳ ಸ್ವರವನ್ನೂ ಊದುತ್ತಿರುವರೆಂದು ಭಾವಿಸಿ. ಎರಡು ಅಲೆಗಳೂ ಒಂದು ಕ್ಷಣ ಜೊತೆಗೂಡಿ ನಾದವು ಹಿಗ್ಗುವುದು. ಮರುಕ್ಷಣ ಎದುರುಬದುರಾಗಿ ನಾದವು ಕುಗ್ಗುವುದು. ಹೀಗೆ ಸೆಕೆಂಡಿಗೆ ನಾಲ್ಕು ಸಲ ಏರಿಳಿತವಾಗುತ್ತದೆ. ಇವಕ್ಕೆ ವಿಸ್ಪಂದಗಳೆಂದು ಹೆಸರು. ವಿಸ್ಪಂದಗಳ ಸಂಖ್ಯೆ ಎರಡು ಆವೃತ್ತಿಗಳ ವ್ಯತ್ಯಾಸಕ್ಕೆ ಸಮ. ಐದು ಡಿಗ್ರಿ ಉಷ್ಣತೆಯ ಅಂತರವಿದ್ದರೆ ಸಾಕು, ೪೪೦ರ ಸ್ವರದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ವಿಸ್ಪಂದಗಳು ಕೇಳಿಬರುವುವು.

ಕಲಿಯುವವನು ವಿಸ್ಪಂದವನ್ನು ಶತ್ರುವೆಂದು ತಿಳಿಯಬಾರದು. ತಪ್ಪು ಎಷ್ಟೆಂಬುದನ್ನು ಅದು ಎಣಿಸಿ ಹೇಳುತ್ತದೆ. ತಪ್ಪು ಯಾರದೆಂಬುದನ್ನು ತಿಳಿಯಲೂ ಒಂದು ಉಪಾಯವಿದೆ. ಒಬ್ಬನು ಸ್ವರವನ್ನು ಕದಲದಂತೆ ಹಿಡಿಯಲಿ; ಇನ್ನೊಬ್ಬನು ಉಸಿರನ್ನು ಕೂದಲೆಳೆಯಷ್ಟು ಹೆಚ್ಚಿಸಲಿ. ವಿಸ್ಪಂದಗಳು ಚುರುಕಾದರೆ ಅವನ ಸ್ವರ ಮೊದಲೇ ಏರಿದ್ದಿತು. ನಿಧಾನವಾದರೆ ಅವನದು ಇಳಿದಿದ್ದಿತು. ನಮ್ಮ ವಿದ್ಯಾರ್ಥಿಗಳ ವಿವಾದವು ತೀರ್ಮಾನವಾದುದು ಹೀಗೆಯೇ.

ಇಬ್ಬರು ಒಂದೇ ಸ್ವರವನ್ನು ಊದುವುದು ಮೇಳದಲ್ಲಿ ಅತ್ಯಂತ ಕಷ್ಟದ ಕೆಲಸವೆಂಬುದೂ ಇದರಿಂದ ತಿಳಿಯುವುದು. ಅಲ್ಲಿ ಪ್ರಧಾನ ಸ್ವರಗಳೆರಡೂ ನೇರವಾಗಿ ಪರಸ್ಪರ ಘರ್ಷಿಸುತ್ತವೆ. ಷಡ್ಜ-ಪಂಚಮಗಳಂತೆ ಬೇರೆ ಬೇರೆ ಸ್ವರಗಳನ್ನು ಊದುವಾಗಲಾದರೋ ವಿಸ್ಪಂದಗಳು ಹುಟ್ಟುವುದು ಅವುಗಳ ಉಪಸ್ವರಗಳ ನಡುವೆ. ರೆಕಾರ್ಡರಿನಲ್ಲಿ ಉಪಸ್ವರಗಳು ಕ್ಷೀಣವಾದುದರಿಂದ ಆ ವಿಸ್ಪಂದಗಳೂ ಕ್ಷೀಣ. ಹಳೆಯ ಸಂಗೀತಗಾರರು ಎಲ್ಲರಿಗೂ ಒಂದೇ ಸ್ವರವನ್ನು ಕೊಡದೆ, ನಾಲ್ವರಿಗೆ ನಾಲ್ಕು ಪಂಕ್ತಿಗಳನ್ನು ಹಂಚಿದುದು ಈ ವಾದ್ಯಕ್ಕೆ ಚೆನ್ನಾಗಿ ಒಪ್ಪಿತು.

ಯಾರೂ ಊದದ ಸ್ವರ

ಆದರೆ ಬೇರೆ ಸ್ವರಗಳನ್ನು ಊದುವಾಗ ಇನ್ನೊಂದು ವಿಚಿತ್ರವು ಎದುರಾಗುತ್ತದೆ. ಎರಡು ಸೊಪ್ರಾನೊ ರೆಕಾರ್ಡರುಗಳು ಮೇಲಿನ ಸ್ವರಗಳನ್ನು ದೀರ್ಘವಾಗಿ ಹಿಡಿದಾಗ, ಹತ್ತಿರ ನಿಂತವರಿಗೆ ಇಬ್ಬರೂ ಊದದ ಮೂರನೆಯದೊಂದು ತಗ್ಗಿನ ಸ್ವರವು ಕೇಳುವುದು. ಇದರ ಆವೃತ್ತಿ ಆ ಎರಡು ಸ್ವರಗಳ ಆವೃತ್ತಿಗಳ ವ್ಯತ್ಯಾಸ. ಆದುದರಿಂದ ಇದು ವ್ಯತ್ಯಾಸ ಸ್ವರ. ಇಟಲಿಯ ಪಿಟೀಲು ವಾದಕ ತಾರ್ತೀನಿಯು ೧೭೫೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದುದರಿಂದ ಇದಕ್ಕೆ ಅವನ ಹೆಸರೂ ಉಂಟು. ಈ ಸ್ವರವು ಬಹುಮಟ್ಟಿಗೆ ಹುಟ್ಟುವುದು ಹೊರಗಿನ ಗಾಳಿಯಲ್ಲಲ್ಲ, ಕೇಳುವವನ ಕಿವಿಯೊಳಗೆ.

ಒಂದು ಲೆಕ್ಕವನ್ನು ನೋಡಿ. ಒಬ್ಬನು ೮೮೦ ಕಂಪನಗಳ ಸ್ವರವನ್ನು ಊದಲಿ. ಇನ್ನೊಬ್ಬನು ಅದಕ್ಕೆ ಅಂತರ ಗಾಂಧಾರವಾಗುವ ಸ್ವರವನ್ನು ಊದಲಿ. ಶುದ್ಧವಾದ ಸಂವಾದದಲ್ಲಿ ಇವುಗಳ ಪ್ರಮಾಣ ೫:೪. ಆಗ ಎರಡನೆಯ ಸ್ವರ ೧೧೦೦, ವ್ಯತ್ಯಾಸ ೨೨೦. ಇದು ೮೮೦ಕ್ಕೆ ಸರಿಯಾಗಿ ಎರಡು ಸ್ಥಾಯಿ ಕೆಳಗಿನ ಷಡ್ಜ! ಇಬ್ಬರು ಊದಿದರೂ ಅಡಿಯಲ್ಲಿ ತಾನಾಗಿ ಒಂದು ಆಧಾರಶ್ರುತಿ ನಿಂತಂತಾಗುವುದು. ಪಿಯಾನೊ ಮುಂತಾದ ವಾದ್ಯಗಳಲ್ಲಾದರೋ ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುತ್ತಾರೆ. ಆ ಕ್ರಮದಲ್ಲಿ ಗಾಂಧಾರವು ಸುಮಾರು ೧೧೦೮.೭ ಆಗುವುದು, ವ್ಯತ್ಯಾಸ ಸ್ವರವು ೨೨೮.೭. ಮೇಲಿನ ಸ್ವರದಲ್ಲಿ ಆದ ತಪ್ಪು ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮಾತ್ರ. ಆದರೆ ೨೨೦ರ ಕಡೆಯಿಂದ ನೋಡಿದರೆ ಅದೇ ೮.೭ ಕಂಪನಗಳು ಅರ್ಧಸ್ವರದ ಮೂರನೆಯ ಎರಡು ಪಾಲು! ಅಪಸ್ವರವನ್ನು ಐದರಷ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯಂತೆ ಇದು ಕೆಲಸಮಾಡುತ್ತದೆ. ಎತ್ತರದ ರೆಕಾರ್ಡರುಗಳು ಕೂಡಿದಾಗ ಕಿವಿ ಚುಚ್ಚುವುದಕ್ಕೂ, ಸರಿಯಾಗಿ ಕೂಡಿದಾಗ ಕೊಠಡಿಯೇ ಮಿಡಿದಂತೆ ತೋರುವುದಕ್ಕೂ ಕಾರಣವಿದೇ. ತಂಬೂರಿಯ ಮಂದ್ರದ ತಂತಿಯಲ್ಲಿ ಹೊಮ್ಮುವ ಅಂತರ ಗಾಂಧಾರವನ್ನು ಕೇಳಿ ಬೆಳೆದವರಿಗೆ ಈ ಶುದ್ಧಪ್ರಮಾಣವು ಅಪರಿಚಿತವಲ್ಲ. ತಂತಿಯ ಐದನೆಯ ಉಪಸ್ವರವೇ ಅದು.

ಒಂದು ಒಪ್ಪಂದ ಬೇಕು

ಹಾಗಾದರೆ ಎಲ್ಲರೂ ಶುದ್ಧಪ್ರಮಾಣಗಳನ್ನೇ ಊದಿದರೆ ಸಮಸ್ಯೆ ತೀರಿತೆ? ಇಲ್ಲ. ಷಡ್ಜದಿಂದ ಪಂಚಮಕ್ಕೆ ಪ್ರಮಾಣ ೩:೨. ಇದೇ ಹೆಜ್ಜೆಯನ್ನು ಮುಂದುವರಿಸಿ: ಷಡ್ಜದಿಂದ ಪಂಚಮ, ಪಂಚಮದಿಂದ ಮೇಲಿನ ರಿಷಭ, ಅಲ್ಲಿಂದ ಧೈವತ, ಅಲ್ಲಿಂದ ಗಾಂಧಾರ. ನಾಲ್ಕು ಹೆಜ್ಜೆಗಳಲ್ಲಿ ಬಂದ ಈ ಗಾಂಧಾರವನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ ಪ್ರಮಾಣವು ೮೧:೬೪ ಆಗುವುದು. ಶುದ್ಧ ಗಾಂಧಾರವಾದರೋ ೫:೪, ಎಂದರೆ ೮೦:೬೪. ಎರಡೂ ಸಮವಲ್ಲ! ೮೧ಕ್ಕೂ ೮೦ಕ್ಕೂ ಇರುವ ಈ ಅಂತರ ಅರ್ಧಸ್ವರದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಇದು ಯಾವ ವಾದ್ಯದ ದೋಷವೂ ಅಲ್ಲ, ಅಂಕಗಣಿತದ ನಿಯಮ. ಒಬ್ಬ ಜೊತೆಗಾರನಿಗೆ ಹೊಂದಿಸಿದ ಸ್ವರವು ಇನ್ನೊಬ್ಬನಿಗೆ ಹೊಂದದಿರಬಹುದು. ಒಂದು ಸ್ವರವು ಕ್ಷಣಕ್ಷಣಕ್ಕೂ ಯಾರೊಡನೆ ಕೂಡುವುದೋ ಅವರಿಗೆ ತಕ್ಕಂತೆ ಕಿಂಚಿತ್ ಏರಿಳಿಯಬೇಕಾಗುತ್ತದೆ.

ಆದುದರಿಂದ ಅನುಭವಿಗಳಾದ ಮೇಳದವರು ಒಂದು ಕ್ರಮವನ್ನು ಅನುಸರಿಸುವರು. ಮೊದಲು ಬೇಸ್ ವಾದ್ಯವು ತನ್ನ ಸ್ವರವನ್ನು ಸ್ಥಿರವಾಗಿ ಹಿಡಿಯುವುದು. ಅದರ ಮೇಲೆ ಸ್ಥಾಯಿಯ ಸ್ವರವು ಬಂದು ಕೂಡುವುದು. ಬಳಿಕ ಪಂಚಮ. ಎಲ್ಲಕ್ಕೂ ಕೊನೆಯಲ್ಲಿ ಗಾಂಧಾರ. ಗಾಂಧಾರವನ್ನು ಊದುವವನು ಉಸಿರನ್ನು ತಗ್ಗಿಸುತ್ತ, ಅಥವಾ ತೆರೆದ ರಂಧ್ರವೊಂದರ ಮೇಲೆ ಬೆರಳಿನ ನೆರಳು ಬೀಳುವಂತೆ ಹಿಡಿದು ಸ್ವರವನ್ನು ಇಳಿಸುತ್ತ, ವ್ಯತ್ಯಾಸ ಸ್ವರವು ಷಡ್ಜದೊಳಗೆ ಕರಗುವವರೆಗೆ ಹುಡುಕುವನು. ಇಡೀ ವಾದ್ಯವೇ ಏರಿದ್ದರೆ ತಲೆಭಾಗವನ್ನು ತುಸು ಹೊರಕ್ಕೆಳೆದು ಕೊಳವೆಯನ್ನು ಉದ್ದಮಾಡುವುದುಂಟು. ಒಂದೇ ತುಂಡಾಗಿದ್ದ ರೆಕಾರ್ಡರನ್ನು ಹೀಗೆ ಕತ್ತರಿಸಿ ಹೊಂದಿಸಿಕೊಳ್ಳುವ ಉಪಾಯವನ್ನು ಜರ್ಮನಿಯ ಮಿಖಾಯೆಲ್ ಪ್ರೆಟೋರಿಯಸ್ ೧೬೧೯ರಷ್ಟು ಹಿಂದೆಯೇ ಸೂಚಿಸಿದ್ದನು.

ಕಲಿಯುವವರಿಗೆ

ಮೇಳವನ್ನು ಸೇರಬೇಕೆನ್ನುವವರು ಮೊದಲು ಸೊಪ್ರಾನೊ ಅಥವಾ ಟೆನರನ್ನು ಕಲಿಯಬಹುದು. ಇವೆರಡಕ್ಕೂ ಬೆರಳಿಡುವ ಕ್ರಮ ಒಂದೇ. ಆಲ್ಟೊ ಮತ್ತು ಬೇಸ್‌ಗಳಲ್ಲಿ ಬೆರಳು ಅದೇ ಆದರೂ ಸ್ವರಗಳು ಬೇರೆಯಾಗುವುವು. ವೇಗವಾಗಿ ಊದುವುದಕ್ಕೆ ಮುನ್ನ ದೀರ್ಘಸ್ವರಗಳನ್ನು ಸಮನಾದ ಉಸಿರಿನಲ್ಲಿ ಹಿಡಿಯುವುದನ್ನು ಕಲಿಯಬೇಕು. ಪ್ರತಿ ಸ್ವರವನ್ನೂ ನಾಲಗೆಯಿಂದ ಮೃದುವಾಗಿ ಬಿಡಿಸಬೇಕು. ನಮ್ಮ ಕೊಳಲು ವಾದಕರ ತುತ್ತುಕಾರವನ್ನು ಬಲ್ಲವರಿಗೆ ಇದು ಸುಲಭ. ಗನಸ್ಸಿಯು ಇದಕ್ಕಾಗಿ ಹಲವು ಅಕ್ಷರಜೋಡಿಗಳನ್ನೇ ಪಾಠಮಾಡಿದ್ದಾನೆ.

ಊದಲು ಕೃತಿಗಳಿಗೆ ಕೊರತೆಯಿಲ್ಲ. ಆಂಟ್‌ವರ್ಪಿನ ಟೀಲ್ಮಾನ್ ಸುಸಾಟೊ ೧೫೫೧ರಲ್ಲಿ ಪ್ರಕಟಿಸಿದ ನೃತ್ಯಗಳು ನಾಲ್ಕು ಪಂಕ್ತಿಗಳವು. ಆಂಟನಿ ಹೋಲ್‌ಬೋರ್ನನು ೧೫೯೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ೬೫ ರಚನೆಗಳು ಐದು ಪಂಕ್ತಿಗಳವು. ಅಂದಿನ ಪುಸ್ತಕಗಳಲ್ಲಿ ಪ್ರತಿಯೊಬ್ಬನಿಗೂ ಅವನ ಪಂಕ್ತಿ ಮಾತ್ರ ಮುದ್ರಿತವಾಗಿರುತ್ತಿದ್ದಿತು. ಜೊತೆಗಾರರು ಏನು ಊದುವರೆಂಬುದನ್ನು ಅವನು ಕಣ್ಣಿಂದ ಕಾಣುವಂತಿರಲಿಲ್ಲ, ಕಿವಿಯಿಂದಲೇ ತಿಳಿಯಬೇಕಾಗಿದ್ದಿತು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ರೆಕಾರ್ಡರ್ ದೊರೆಯದಿದ್ದರೆ ಒಂದೇ ಬಗೆಯ ಎರಡು ಗಾಜಿನ ಸೀಸೆಗಳು ಸಾಕು. ಎರಡರಲ್ಲಿಯೂ ಸಮನಾಗಿ ನೀರು ತುಂಬಿ, ನೀವೂ ನಿಮ್ಮ ಸ್ನೇಹಿತರೂ ಬಾಯಂಚಿನ ಮೇಲೆ ಅಡ್ಡಲಾಗಿ ಊದಿ. ಒಂದರಲ್ಲಿ ಚಮಚದಷ್ಟು ನೀರನ್ನು ಹೆಚ್ಚಿಸಿ ಮತ್ತೆ ಊದಿ. ಏರಿಳಿಯುವ ನಾದವನ್ನು ಹತ್ತು ಸೆಕೆಂಡುಗಳವರೆಗೆ ಎಣಿಸಿ ಹತ್ತರಿಂದ ಭಾಗಿಸಿದರೆ ಎರಡು ಆವೃತ್ತಿಗಳ ಅಂತರವು ದೊರೆಯುವುದು. ನೀರನ್ನು ತೊಟ್ಟುತೊಟ್ಟಾಗಿ ತೆಗೆಯುತ್ತ ಹೋಗಿ. ಏರಿಳಿತವು ನಿಧಾನವಾಗುತ್ತ, ಕೊನೆಗೊಮ್ಮೆ ನಿಂತು ಎರಡು ನಾದಗಳೂ ಒಂದಾಗುವುವು.

ನಮ್ಮ ವಿದ್ಯಾರ್ಥಿಗಳಿಬ್ಬರೂ ಆ ಸಂಜೆ ಪ್ರಯೋಗಶಾಲೆಯ ಬಾಗಿಲು ಮುಚ್ಚುವವರೆಗೆ ಒಂದೇ ಸ್ವರವನ್ನು ಹಿಡಿದು ಕುಳಿತಿದ್ದರು. ಜೋರಾಗಿ ಊದುತ್ತಿದ್ದವನು ಉಸಿರನ್ನು ತಗ್ಗಿಸಿದನು. ಮೆಲ್ಲಗೆ ಊದುತ್ತಿದ್ದವನು ಕೊಂಚ ಧೈರ್ಯ ಮಾಡಿದನು. ಸೆಕೆಂಡಿಗೆ ಆರಿದ್ದ ವಿಸ್ಪಂದಗಳು ಮೂರಾದುವು, ಒಂದಾದುವು, ಕಡೆಗೆ ಇಲ್ಲವಾದುವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಕ್ಕೊಡನೆ ಉಸಿರು ಕದಲಿ ಸ್ವರವು ಮತ್ತೆ ಕೆಟ್ಟಿತು! ಆದರೆ ಈ ಸಲ ಯಾರೂ ಇನ್ನೊಬ್ಬನ ವಾದ್ಯವನ್ನು ದೂರಲಿಲ್ಲ. ಇಬ್ಬರೂ ಮತ್ತೆ ಉಸಿರೆಳೆದುಕೊಂಡು, ಕಿವಿಗೊಟ್ಟು, ಮೊದಲಿನಿಂದ ಆರಂಭಿಸಿದರು.